ವಿಷಕನ್ಯೆಯನ್ನು ಕಳುಹಿಸಿದವರು ಯಾರು?

ಮಲಯಾಳದ ಎಸ್. ಕೆ. ಪೊಟ್ಟೆಕ್ಕಾಟ್ ಅವರ 'ವಿಷಕನ್ಯಕ' ಕಾದಂಬರಿ ಪ್ರಕಟವಾದದ್ದು 1948ರಲ್ಲಿ. ತಿರುವಾಂಕೂರಿನಲ್ಲಿ ಇದ್ದಬದ್ದ ತುಂಡು ನೆಲವನ್ನು ಮಾರಿ, ಮಡದಿಮಕ್ಕಳೊಡನೆ ಉತ್ತರದ ಮಲಬಾರಿಗೆ ಬಂದು, ವಯನಾಡಿನ ಕಾಡು ಕಡಿದು ಕೃಷಿಗಿಳಿದ ಕ್ರೈಸ್ತ ರೈತರ ಬದುಕು ಮತ್ತು ಸಾವು ಅದರ ವಸ್ತು. ಕೃತಿ ನೆರೆಭಾಷೆಯದು, ಆದರೆ ಅದು ಚಿತ್ರಿಸುವ ವಲಸೆ ಕನ್ನಡ ಸೀಮೆಗೆ ಹೊರತಾದುದಲ್ಲ. 1943ರಲ್ಲಿ ಕ್ನಾನಾಯ ಕ್ಯಾಥೊಲಿಕ್ ಕುಟುಂಬಗಳು ಬಂದು ನೆಲೆಯೂರಿದ ರಾಜಪುರಂ ಅಂದು ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲ್ಲೂಕಿಗೆ ಸೇರಿತ್ತು. ಮುಂದೆ ಇದೇ ಪ್ರವಾಹ ಬೆಳ್ತಂಗಡಿ, ಕಡಬ, ಶಿರಾಡಿಗಳ ಘಟ್ಟದ ತಪ್ಪಲಿಗೂ ಹಬ್ಬಿತು. ಆದ್ದರಿಂದ ಈ ಕೃತಿಯನ್ನು ಕನ್ನಡದ ಕಣ್ಣಿನಿಂದ ಓದುವ ಹಕ್ಕು ನಮಗಿದೆಯೆಂದು ಭಾವಿಸಿದ್ದೇವೆ. ನಮ್ಮ ವಿಚಾರಣೆ ಮುಖ್ಯವಾಗಿ ಶೀರ್ಷಿಕೆಯನ್ನು ಕುರಿತದ್ದು. ಈ ಕಾದಂಬರಿಯಲ್ಲಿ ಶೀರ್ಷಿಕೆಯೇ ತೀರ್ಪೂ ಆಗಿದೆ.

ಕಥೆಯ ಹಂದರ ಸರಳ. ರೈತರು ಬರುತ್ತಾರೆ, ಮರ ಉರುಳಿಸಿ ಬೆಂಕಿಯಿಟ್ಟು ನೆಲ ಹಸನು ಮಾಡುತ್ತಾರೆ, ಕಾಡುಪ್ರಾಣಿಗಳೊಡನೆ ಹೋರಾಡುತ್ತಾರೆ. ಅಷ್ಟರಲ್ಲಿ ಮಲೇರಿಯಾ ಒಬ್ಬೊಬ್ಬರನ್ನಾಗಿ ಕೆಡಹುತ್ತದೆ. ಇಲ್ಲಿ ಒಬ್ಬ ನಾಯಕನಿಲ್ಲ, ವಲಸೆ ಬಂದ ಸಮುದಾಯವೇ ನಾಯಕ. ಚೆಲುವಿನಿಂದ ಸೆಳೆದು ಅಪ್ಪುಗೆಯಿಂದ ಕೊಲ್ಲುವ ಮಣ್ಣನ್ನು ಲೇಖಕರು ವಿಷಕನ್ಯೆಗೆ ಹೋಲಿಸಿದ್ದಾರೆ. ಪಾದ್ರಿಯಾಗಬಯಸಿದ ತರುಣ ಆಂಟನಿಯನ್ನು ಸೆಳೆಯುವ ಮಾಧವಿಯ ಪಾತ್ರದಲ್ಲಿ ಅದೇ ರೂಪಕ ಮನುಷ್ಯರೂಪ ತಾಳುತ್ತದೆ. ನಮ್ಮ ದೃಷ್ಟಿಯಲ್ಲಿ ಈ ಪಾತ್ರಯೋಜನೆ ಕಾದಂಬರಿಯ ದುರ್ಬಲ ಭಾಗ. ಮಣ್ಣಿನ ತಪ್ಪನ್ನು ಹೆಣ್ಣಿಗೂ ಹೆಣ್ಣಿನ ತಪ್ಪನ್ನು ಮಣ್ಣಿಗೂ ಹೊರಿಸುವ ಹಳೆಯ ಜಾಡು ಅದು.

ವಿಷಕನ್ಯೆಯ ಕಲ್ಪನೆ ನಮ್ಮ ಪ್ರಾಚೀನ ಸಾಹಿತ್ಯದಲ್ಲಿ ಪರಿಚಿತವೇ. ವಿಶಾಖದತ್ತನ 'ಮುದ್ರಾರಾಕ್ಷಸ'ದ ಕಥೆಯನ್ನು ಕೆಂಪುನಾರಾಯಣ 1823ರಲ್ಲಿ 'ಮುದ್ರಾಮಂಜೂಷ'ವೆಂಬ ಕನ್ನಡ ಗದ್ಯವಾಗಿಸಿದನು. ಆ ನಾಟಕದಲ್ಲಿ ಚಂದ್ರಗುಪ್ತನನ್ನು ಕೊಲ್ಲಲೆಂದು ರಾಕ್ಷಸನು ಸಿದ್ಧಪಡಿಸಿದ ವಿಷಕನ್ಯೆಯನ್ನು ಚಾಣಕ್ಯನು ಪರ್ವತಕನ ಕಡೆಗೆ ತಿರುಗಿಸುತ್ತಾನೆ, ಪರ್ವತಕ ಸಾಯುತ್ತಾನೆ. ಗಮನಿಸಬೇಕಾದ ಅಂಶವೆಂದರೆ ವಿಷಕನ್ಯೆ ತಾನಾಗಿ ಬರುವವಳಲ್ಲ. ಅವಳನ್ನು ಒಬ್ಬನು ಸಿದ್ಧಗೊಳಿಸುತ್ತಾನೆ, ಇನ್ನೊಬ್ಬನು ದಿಕ್ಕು ತಪ್ಪಿಸುತ್ತಾನೆ, ಏನೂ ಅರಿಯದ ಮೂರನೆಯವನು ಸಾಯುತ್ತಾನೆ. ಪೊಟ್ಟೆಕ್ಕಾಟ್ ಅವರು ಈ ಪುರಾತನ ಪದವನ್ನು ಎತ್ತಿಕೊಂಡರು, ಆದರೆ ಪದದೊಳಗಿದ್ದ ರಾಜಕಾರಣವನ್ನು ಅಲ್ಲಿಯೇ ಬಿಟ್ಟರು.

ಹಾಗಾದರೆ ಈ ಕನ್ಯೆಯನ್ನು ಕಳುಹಿಸಿದವರು ಯಾರು? ಉತ್ತರವನ್ನು 1942ರಲ್ಲಿ ಹುಡುಕಬೇಕು. ತಿರುವಾಂಕೂರು ತನ್ನ ಅನ್ನಕ್ಕಾಗಿ ಬರ್ಮಾದ ಅಕ್ಕಿಯನ್ನು ಬಹುವಾಗಿ ನೆಚ್ಚಿಕೊಂಡಿದ್ದ ನಾಡು. ಆ ವರ್ಷ ಬರ್ಮಾ ಜಪಾನೀಯರ ವಶವಾಯಿತು, ಅಕ್ಕಿಯ ಹಡಗುಗಳು ನಿಂತವು. ಹಸಿವು ರೈತನನ್ನು ಉತ್ತರಕ್ಕೆ ತಳ್ಳಿತು. ಅತ್ತ ಮಲಬಾರಿನಲ್ಲಿ ಕಾಡು ಬಹುಮಟ್ಟಿಗೆ ಜನ್ಮಿಗಳ ಖಾಸಗಿ ಸ್ವತ್ತು. ತಿರುವಾಂಕೂರಿನಲ್ಲಿ ಒಂದು ಎಕರೆ ಮಾರಿದ ಹಣಕ್ಕೆ ಅಲ್ಲಿ ಹಲವು ಎಕರೆ ಕಾಡು ದೊರೆಯುತ್ತಿತ್ತು. ಜನ್ಮಿಗೆ ಅದು ಫಲ ಕೊಡದ ಕಾಡನ್ನು ಹಣವಾಗಿಸುವ ದಾರಿ. ಅದೇ 1942ರಲ್ಲಿ ಜಾವಾ ದ್ವೀಪವೂ ಜಪಾನೀಯರ ಕೈಸೇರಿತು. ಜಗತ್ತಿನ ಕ್ವಿನೈನ್‌ನ ಬಹುಪಾಲು ಬರುತ್ತಿದ್ದುದು ಅಲ್ಲಿಂದ. ಅಂದರೆ ರೈತನನ್ನು ಜ್ವರದ ಕಾಡಿಗೆ ಅಟ್ಟಿದ ಯುದ್ಧವೇ ಅವನ ಜ್ವರದ ಮದ್ದನ್ನೂ ಕಸಿದುಕೊಂಡಿತು. ಇನ್ನೂ ಒಂದು ಮಾತಿದೆ. ಪಶ್ಚಿಮಘಟ್ಟದ ತಪ್ಪಲಿನಲ್ಲಿ ಮಲೇರಿಯಾ ಹರಡುವ ಮುಖ್ಯ ಸೊಳ್ಳೆ ಅನಾಫಿಲಿಸ್ ಫ್ಲೂವಿಯಾಟಿಲಿಸ್. ನಿಧಾನವಾಗಿ ಹರಿಯುವ ತಿಳಿನೀರಿನ ತೊರೆಯಲ್ಲಿ ಅದು ಮೊಟ್ಟೆಯಿಡುತ್ತದೆ. ದಟ್ಟ ನೆರಳಿಗಿಂತ ಬಿಸಿಲು ತಾಗುವ ನೀರು ಅದಕ್ಕೆ ಹಿತ. ಮರ ಕಡಿದು ತೊರೆಗೆ ಬಿಸಿಲು ಬಿಟ್ಟವನು ರೈತನೇ. ಅಕ್ಕಿ, ಜನ್ಮಿ, ಕ್ವಿನೈನ್, ಕೊಡಲಿ ಇವೆಲ್ಲವೂ ಸೇರಿ ಕೊಂದ ಸಾವನ್ನು ಕಾದಂಬರಿ ಮಣ್ಣಿನ ಸ್ವಭಾವದ ಮೇಲೆ ಹೊರಿಸಿಬಿಡುತ್ತದೆ.

ಶಿವರಾಮ ಕಾರಂತರ 'ಚೋಮನ ದುಡಿ'ಯನ್ನು (1933) ಇದರ ಪಕ್ಕದಲ್ಲಿಟ್ಟರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಅಲ್ಲಿಯೂ ಜ್ವರವಿದೆ. ತಂದೆಯ ಸಾಲ ತೀರಿಸಲು ಘಟ್ಟದ ಕಾಫಿ ತೋಟಕ್ಕೆ ಹೋದ ಚನಿಯ ಜ್ವರದಿಂದ ಸಾಯುತ್ತಾನೆ. ಗುರುವ ಅಲ್ಲಿಯೇ ಕ್ರೈಸ್ತ ಹುಡುಗಿಯನ್ನು ಕೂಡಿಕೊಂಡು ಮತಾಂತರ ಹೊಂದುತ್ತಾನೆ. ಆದರೆ ಕಾರಂತರು ಘಟ್ಟವನ್ನು ದೂರುವುದಿಲ್ಲ. ಓದುಗನ ಕಣ್ಣು ಸಾಲದ ಮೇಲೆ, ಜಾತಿಯ ಮೇಲೆ, ಹೊಲೆಯನಿಗೆ ಬೇಸಾಯ ಕೂಡದೆನ್ನುವ ಸಂಕಪ್ಪಯ್ಯನ ತಾಯಿಯ ಮಾತಿನ ಮೇಲೆ ನೆಡುವಂತೆ ಕಥೆ ಸಾಗುತ್ತದೆ. ಚೋಮನ ಬಳಿ ಎತ್ತುಗಳಿವೆ, ನೆಲವಿಲ್ಲ. ಮಲಬಾರಿನ ವಲಸಿಗನ ಬಳಿ ನೆಲದ ಪತ್ರವಿದೆ, ಅದನ್ನು ಉತ್ತು ಬದುಕುವ ಆಯುಷ್ಯವಿಲ್ಲ. ಕ್ರೈಸ್ತನಾದರೆ ನೆಲ ಸಿಗಬಹುದೆಂಬ ಆಸೆಯಿಂದ ಇಗರ್ಜಿಯ ಕಡೆ ಹೊರಟ ಚೋಮ ನಡುದಾರಿಯಿಂದ ಹಿಂದಿರುಗುತ್ತಾನೆ. ಹುಟ್ಟಿನಿಂದಲೇ ಕ್ರೈಸ್ತನಾದವನ ಬೇಸಾಯದ ಕನಸು ಎಲ್ಲಿ ಮುಗಿಯಿತೆಂಬುದನ್ನು 'ವಿಷಕನ್ಯಕ' ಹೇಳುತ್ತದೆ. ಎರಡು ಕೃತಿಗಳೂ ನೆಲದ ಹಂಬಲದಿಂದ ಸತ್ತವರ ಕಥೆಗಳೇ. ಒಂದು ಮಾತ್ರ ಕೊಂದವರನ್ನು ಹೆಸರಿಸುತ್ತದೆ.

ಇನ್ನು ಶೀರ್ಷಿಕೆಯ ಉತ್ತರಾರ್ಧ, 'ಕನ್ಯೆ'. ಯಾರೂ ಮುಟ್ಟದ ನೆಲವೆಂಬ ಧ್ವನಿ ಆ ಪದದಲ್ಲಿದೆ. ವಯನಾಡಿನಲ್ಲಿ ಪಣಿಯರು, ಅಡಿಯರು, ಕುರುಮರು, ಕಾಟುನಾಯಕರು ಇದ್ದರು. ದಕ್ಷಿಣ ಕನ್ನಡದ ಮಲೆಯಲ್ಲಿ ಮಲೆಕುಡಿಯರು, ಕೊರಗರು ಇದ್ದರು. ಅವರಿಗೆ ಆ ನೆಲ ಕನ್ಯೆಯಾಗಿರಲಿಲ್ಲ, ತಾಯಿಮನೆಯಾಗಿತ್ತು. ವಲಸೆಯನ್ನು ಮಲಯಾಳದಲ್ಲಿ 'ಕುಡಿಯೇಟ್ಟ' ಎನ್ನುತ್ತಾರೆ. ಕುಡಿ ಎಂದರೆ ಮನೆ, ಒಕ್ಕಲು. ಏಟ್ಟ ಎಂದರೆ ಏರುವುದು. ಕನ್ನಡದಲ್ಲಿ ಇದಕ್ಕೆ ಹತ್ತಿರದ ಮಾತು ಹುಡುಕಿದರೆ ಸಿಗುವುದು 'ಒಕ್ಕಲೆಬ್ಬಿಸು'. ಅಲ್ಲಿ ಒಕ್ಕಲು ಏರಿದರೆ ನೆಲೆಗೊಂಡಂತೆ, ಇಲ್ಲಿ ಒಕ್ಕಲು ಎದ್ದರೆ ನೆಲೆ ತಪ್ಪಿದಂತೆ. ವಿನೋದಕ್ಕಾಗಿ ಹೇಳುತ್ತಿಲ್ಲ, ಒಂದೇ ಘಟನೆಯನ್ನು ಎರಡು ಕಡೆಯಿಂದ ಕಂಡ ಪದಗಳಿವು. ಆದಿವಾಸಿಗಳ ಕೈತಪ್ಪಿದ ನೆಲವನ್ನು ಮರಳಿಸಲು ಕೇರಳ 1975ರಲ್ಲಿ ಕಾಯಿದೆ ತಂದಿತು. ಅದು ಜಾರಿಯಾಗದೆ ಉಳಿದ ಸಂಕಟವೂ ಸೇರಿಯೇ 2003ರ ಫೆಬ್ರವರಿಯಲ್ಲಿ ಬಂಡೀಪುರದ ಗಡಿಗೆ ತಾಗಿದ ಮುತ್ತಂಗದ ಕಾಡಿನಲ್ಲಿ ಗುಂಡು ಹಾರುವವರೆಗೆ ಬಂತು. 1948ರ ಕಾದಂಬರಿಕಾರರು 2003ನ್ನು ಕಾಣಬೇಕಾಗಿತ್ತೆಂದು ನಾವು ವಾದಿಸುವುದಿಲ್ಲ. ಆದರೆ 'ಕನ್ಯೆ' ಎಂಬ ಮಾತು ಅಂದೇ ಸುಳ್ಳಾಗಿತ್ತು.

ಇಷ್ಟು ಹೇಳಿದ ಮೇಲೆ ಕೃತಿಯ ದೊಡ್ಡಗುಣವನ್ನೂ ಹೇಳಬೇಕು. ಪೊಟ್ಟೆಕ್ಕಾಟ್ ಸೋಲನ್ನು ಬರೆದರು. ಮುಂದೆ ನಡೆದದ್ದು ಗೆಲುವಿನ ಕಥೆ. ಯುದ್ಧಾನಂತರ ಡಿಡಿಟಿ ಬಂದಿತು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. ಅದೇ ವರ್ಷದ ಕೊನೆಗೆ ವಲಸಿಗರಿಗಾಗಿ ತಲಶ್ಶೇರಿ ಧರ್ಮಪ್ರಾಂತ ಸ್ಥಾಪನೆಯಾಯಿತು. 1999ರಲ್ಲಿ ಬೆಳ್ತಂಗಡಿಯೇ ಪ್ರತ್ಯೇಕ ಧರ್ಮಪ್ರಾಂತವಾಯಿತು. ರಬ್ಬರು ಬೆಳೆಯಿತು, ಶಾಲೆಗಳು ಎದ್ದವು. ಗೆದ್ದವರು ತಮ್ಮ ಚರಿತ್ರೆ ಬರೆಯುವಾಗ ಮೊದಲು ಬಂದು ಸತ್ತವನು ಅಡಿಪಾಯದ ಕಲ್ಲಾಗುತ್ತಾನೆ, ತ್ಯಾಗಿಯಾಗುತ್ತಾನೆ. 'ವಿಷಕನ್ಯಕ'ದಲ್ಲಿ ಅವನು ತ್ಯಾಗಿಯಲ್ಲ. ಹೆಂಡತಿಮಕ್ಕಳಿಗೆ ಅನ್ನ ಸಂಪಾದಿಸಲು ಬಂದು, ಅದಾಗದೆ ಸತ್ತ ಮನುಷ್ಯ. ಆ ಸಾವಿಗೆ ಯಾವ ಫಲವನ್ನೂ ಲಗತ್ತಿಸದೆ ಅದನ್ನು ಸಾವಾಗಿಯೇ ಬಿಟ್ಟ ಲೇಖಕರ ಪ್ರಾಮಾಣಿಕತೆಗೆ ನಾವು ತಲೆಬಾಗುತ್ತೇವೆ. ಇದೇ ಲೇಖಕರು 1962ರಲ್ಲಿ ತಲಶ್ಶೇರಿಯಿಂದ ಲೋಕಸಭೆಗೆ ಆರಿಸಿಹೋದರು. ಅವರು ಕಥೆಯಲ್ಲಿ ಕಂಡ ಸೋಲನ್ನು ದಾಟಿ ಉಳಿದವರ ನಾಡು ಅಷ್ಟು ಹತ್ತಿರದಲ್ಲಿತ್ತು.

ಕನ್ನಡ ಕರಾವಳಿಗೆ ಕ್ಯಾಥೊಲಿಕ್ ರೈತನ ವಲಸೆ ಹೊಸದೇನೂ ಅಲ್ಲ. ಹದಿನಾರನೆಯ ಶತಮಾನದಿಂದ ಗೋವೆಯಿಂದ ಇಳಿದುಬಂದ ಕೊಂಕಣಿ ಕ್ರೈಸ್ತರು ಮೂಲಗೇಣಿ, ಚಾಲಗೇಣಿಗಳ ಒಕ್ಕಲುಗಳಾಗಿ ಇಲ್ಲಿ ಬೇರುಬಿಟ್ಟರು. 1784ರಲ್ಲಿ ಟಿಪ್ಪುವಿನ ಸೆರೆಯಾಳುಗಳಾಗಿ ಶ್ರೀರಂಗಪಟ್ಟಣಕ್ಕೆ ನಡೆದರು. ಉಳಿದವರು 1799ರ ನಂತರ ಮರಳಿದರು. ಅವರ ಸೆರೆ ಗ್ರಂಥಗಳಲ್ಲಿದೆ, ಅವರ ಗೇಣಿ ಕಡತಗಳಲ್ಲಿದೆ. ಘಟ್ಟದ ತಪ್ಪಲಿಗೆ ಬಂದ ಸುರಿಯಾನಿಗಳು ಬೇರೆ ಭಾಷೆ, ಬೇರೆ ಪೂಜಾಪದ್ಧತಿಯವರು. ಇಬ್ಬರನ್ನೂ 'ಕಿರಿಸ್ತಾನರು' ಎಂಬ ಒಂದೇ ಮಾತಿನಲ್ಲಿ ಅಡಗಿಸುವುದು ಸಂಶೋಧಕನಿಗೆ ಸಲ್ಲದು.

ಈ ಕೆಲಸಕ್ಕೆ ಹೊರನಾಡಿನ ಕನ್ನಡ ಸಂಶೋಧಕರು ನಮಗಿಂತ ಅನುಕೂಲ ಸ್ಥಿತಿಯಲ್ಲಿದ್ದಾರೆ. ಕೇರಳದಿಂದ ಮುಂಬಯಿಯ ಸುತ್ತಮುತ್ತ ಬಂದು ನೆಲೆಸಿದ ಸುರಿಯಾನಿ ಕ್ಯಾಥೊಲಿಕರಿಗಾಗಿ 1988ರಲ್ಲಿ ಕಲ್ಯಾಣ ಧರ್ಮಪ್ರಾಂತ ಸ್ಥಾಪನೆಯಾಯಿತು. ಅಂಬರನಾಥ, ಡೊಂಬಿವಲಿಗಳ ಕನ್ನಡಿಗನೂ ಆ ಮಲಯಾಳಿಯೂ ಬೆಳಗಿನ ಒಂದೇ ಲೋಕಲ್ ಗಾಡಿಯಲ್ಲಿ ನಿಂತು ಹೋಗುವವರು. ಇಬ್ಬರ ಅಜ್ಜಂದಿರೂ ನೆಲ ಬಿಟ್ಟವರಾಗಿರಬಹುದು. 'ವಿಷಕನ್ಯಕ'ವನ್ನು ಅವರೊಡನೆ ಮೂಲದಲ್ಲಿ ಕೂಡಿ ಓದಿ, 'ಚೋಮನ ದುಡಿ'ಯನ್ನು ಅವರಿಗೆ ಓದಿಹೇಳುವ ಅವಕಾಶ ಧಾರವಾಡದಲ್ಲಿಯೂ ಮೈಸೂರಿನಲ್ಲಿಯೂ ಅಷ್ಟು ಸುಲಭವಾಗಿ ಒದಗುವುದಿಲ್ಲ. ಹಾಗೆ ಓದುವವರು ರಾಜಪುರದ ಇಗರ್ಜಿಯ ಸಮಾಧಿಗಳನ್ನೂ, ಅದರಾಚೆಗೆ ಗುರುತೇ ಇಲ್ಲದ ಕೊರಗರ ಸಮಾಧಿಗಳನ್ನೂ ಒಂದೇ ಅಧ್ಯಯನದೊಳಗೆ ತರಲಿ ಎಂಬುದು ನಮ್ಮ ಅಪೇಕ್ಷೆ.