ಅಂದಾಜಿನ ಹಸು, ಅಳೆದ ಹಸು: ಕೃಷಿಯ ಹಸಿರುಮನೆ ಅನಿಲಗಳ ಲೆಕ್ಕದ ಬಗ್ಗೆ ಒಂದು ವಿಮರ್ಶೆ

ಪೀಠಿಕೆ

ಕಳೆದ ವರ್ಷ ಸಿಡ್ನಿಯಿಂದ ಮೆಲ್ಬರ್ನಿನ ಮಗಳ ಮನೆಗೆ ಹೋಗಿದ್ದಾಗ, ಏಳನೆಯ ತರಗತಿಯಲ್ಲಿ ಓದುವ ಮೊಮ್ಮಗಳು ಶಾಲೆಗೆಂದು ಒಂದು ಚಾರ್ಟ್ ಬರೆಯುತ್ತಿದ್ದಳು. ಒಂದು ಕಿಲೋ ಹಾಲಿಗೆ ಯಾವ ನಾಡಿನ ಹಸು ಎಷ್ಟು ಮೀಥೇನ್ ಬಿಡುತ್ತದೆ ಎಂಬುದು ಅವಳ ವಿಷಯ. ಪಶ್ಚಿಮ ಯೂರೋಪು, ಓಶಿಯಾನಿಯ, ಭಾರತ ಉಪಖಂಡ ಎಂದು ಮೂರು ಕಂಬಗಳು. ಭಾರತದ ಕಂಬವೇ ಎಲ್ಲಕ್ಕಿಂತ ಎತ್ತರ. "ತಾತ, ನಿಮ್ಮೂರಿನ ಹಸು ಯೂರೋಪಿನ ಹಸುಗಿಂತ ಮೂರು ಪಟ್ಟು ಕೆಟ್ಟದ್ದಂತೆ, ನಿಜಾನಾ?" ಎಂದು ಕೇಳಿದಳು.

ಮಂಡ್ಯ ಜಿಲ್ಲೆಯ ಹಳ್ಳಿಯೊಂದರಲ್ಲಿ ಕೊಟ್ಟಿಗೆಯ ಪಕ್ಕದಲ್ಲೇ ಮಲಗಿ ಬೆಳೆದವನು ನಾನು. ತಕ್ಷಣ "ಸುಳ್ಳು" ಎಂದುಬಿಡುವ ಆಸೆಯಾಯಿತು. ಆದರೆ ಮೂವತ್ತೈದು ವರ್ಷ ವೈದ್ಯನಾಗಿದ್ದವನಿಗೆ ರಿಪೋರ್ಟ್ ನೋಡದೆ ಮಾತಾಡುವ ಅಭ್ಯಾಸವಿಲ್ಲ. "ನೋಡಿ ಹೇಳುತ್ತೇನೆ" ಎಂದೆ. ಹಾಗೆ ನೋಡಹೊರಟದ್ದರ ಫಲ ಈ ಲೇಖನ. ನಾನು ಕೃಷಿ ವಿಜ್ಞಾನಿಯಲ್ಲ. ಆದರೆ ಒಂದು ಅಂಕಿಯನ್ನು ಎಷ್ಟು ನಂಬಬೇಕು, ಎಲ್ಲಿ ನಂಬಬಾರದು ಎಂಬುದು ನನ್ನ ವೃತ್ತಿಯ ದಿನನಿತ್ಯದ ಪ್ರಶ್ನೆಯಾಗಿತ್ತು. ಆ ಕಣ್ಣಿನಿಂದಲೇ ಈ ಲೆಕ್ಕವನ್ನು ಓದಿದ್ದೇನೆ.

ವಿಷಯದ ಮಹತ್ವದ ಬಗ್ಗೆ ಅನುಮಾನವಿಲ್ಲ. ಆಸ್ಟ್ರೇಲಿಯದ ಒಟ್ಟು ಹಸಿರುಮನೆ ಅನಿಲಗಳಲ್ಲಿ ಸುಮಾರು ಆರನೆಯ ಒಂದು ಭಾಗ ಕೃಷಿಯದು. ಅದರಲ್ಲಿ ಅರ್ಧಕ್ಕಿಂತ ಬಹಳ ಹೆಚ್ಚು ದನ ಕುರಿಗಳ ಹೊಟ್ಟೆಯಿಂದ ಬರುವ ಮೀಥೇನ್. ಮೆಲುಕು ಹಾಕುವ ಪ್ರಾಣಿಯ ಮೊದಲ ಹೊಟ್ಟೆಯಲ್ಲಿ ಸೂಕ್ಷ್ಮಜೀವಿಗಳು ಹುಲ್ಲನ್ನು ಕೊಳೆಸುವಾಗ ಈ ಅನಿಲ ಹುಟ್ಟುತ್ತದೆ. ಜನ ತಿಳಿದಿರುವಂತೆ ಹಿಂದಿನಿಂದಲ್ಲ, ಬಹುಪಾಲು ತೇಗಿನಲ್ಲಿ ಬಾಯಿಯಿಂದಲೇ ಹೊರಬರುತ್ತದೆ.

ಕೋಷ್ಟಕವನ್ನು ಓದುವ ಬಗೆ

ಮೊಮ್ಮಗಳ ಅಂಕಿಗಳ ಮೂಲ ಹುಡುಕಿದಾಗ ಸಿಕ್ಕಿದ್ದು ಐಪಿಸಿಸಿಯ 2006ರ ಮಾರ್ಗಸೂಚಿ. ತಮ್ಮಲ್ಲಿ ಸ್ವಂತ ಅಳತೆಗಳಿಲ್ಲದ ದೇಶಗಳು ಬಳಸಲೆಂದು ಅದರಲ್ಲಿ ಒಂದು ಕೋಷ್ಟಕ ಕೊಟ್ಟಿದ್ದಾರೆ. ಅದರಂತೆ ಪಶ್ಚಿಮ ಯೂರೋಪಿನ ಹಾಲಿನ ಹಸು ವರ್ಷಕ್ಕೆ 117 ಕಿಲೋ ಮೀಥೇನ್ ಬಿಡುತ್ತದೆ, 6000 ಕಿಲೋ ಹಾಲು ಕೊಡುತ್ತದೆ. ಓಶಿಯಾನಿಯದ್ದು 90 ಕಿಲೋ ಮೀಥೇನ್, 2200 ಕಿಲೋ ಹಾಲು. ಭಾರತ ಉಪಖಂಡದ್ದು 58 ಕಿಲೋ ಮೀಥೇನ್, 900 ಕಿಲೋ ಹಾಲು.

ಭಾಗಿಸಿ ನೋಡಿ. ಒಂದು ಕಿಲೋ ಹಾಲಿಗೆ ಯೂರೋಪಿನಲ್ಲಿ ಸುಮಾರು 20 ಗ್ರಾಂ, ಓಶಿಯಾನಿಯದಲ್ಲಿ 41, ಭಾರತದಲ್ಲಿ 64 ಗ್ರಾಂ ಮೀಥೇನ್. ಹುಡುಗಿಯ ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಹಾಲಿನ ಬದಲು ತಲೆಯಿಂದ ಭಾಗಿಸಿದರೆ ಭಾರತದ ಹಸು ಯೂರೋಪಿನ ಹಸುವಿನ ಅರ್ಧದಷ್ಟು ಮಾತ್ರ. ಅದೇ ಕೋಷ್ಟಕ, ಅದೇ ಎರಡು ಹಸು. ಒಂದು ಲೆಕ್ಕದಲ್ಲಿ ನಮ್ಮದು ಅಪರಾಧಿ, ಇನ್ನೊಂದರಲ್ಲಿ ಸಾಧು. ತೀರ್ಪು ನಿಂತಿರುವುದು ಯಾವುದರಿಂದ ಭಾಗಿಸಿದೆವು ಎಂಬುದರ ಮೇಲೆ.

ಹಾಲಿನಿಂದ ಭಾಗಿಸುವವರು, ಹಸು ಇರುವುದು ಹಾಲಿಗಾಗಿ ಮಾತ್ರ ಎಂದು ಮೊದಲೇ ಒಪ್ಪಿಕೊಂಡಿರುತ್ತಾರೆ. ಗಿಪ್ಸ್‌ಲ್ಯಾಂಡಿನಲ್ಲಿ ಅದು ಹೆಚ್ಚುಕಡಿಮೆ ನಿಜ. ನಮ್ಮ ಕೊಟ್ಟಿಗೆಯಲ್ಲಿದ್ದ ಹಳ್ಳಿಕಾರ್ ಹಸುವಿಗೆ ಅದು ನಿಜವಲ್ಲ. ಹಳ್ಳಿಕಾರ್ ಮತ್ತು ಅಮೃತಮಹಲ್ ತಳಿಗಳು ಹೆಸರು ಮಾಡಿದ್ದೇ ಎತ್ತುಗಳಿಗಾಗಿ. ಹಸು ಹಾಕಿದ ಹೋರಿಗರು ಉತ್ತಿತು, ಗಾಡಿ ಎಳೆಯಿತು. ಸಗಣಿ ತಿಪ್ಪೆಗೆ ಹೋಗಿ ಹೊಲಕ್ಕೆ ಗೊಬ್ಬರವಾಯಿತು. ಮನುಷ್ಯ ತಿನ್ನಲಾಗದ ರಾಗಿ ಹುಲ್ಲು ಇಷ್ಟಕ್ಕೆಲ್ಲ ಇಂಧನವಾಯಿತು. ಈ ಯಾವುದೂ 900 ಕಿಲೋ ಎಂಬ ಅಂಕಿಯಲ್ಲಿ ಇಲ್ಲ.

ಹಾಗೆಂದು ಹಾಲಿನ ಲೆಕ್ಕವನ್ನು ತಳ್ಳಿಹಾಕುವುದೂ ತಪ್ಪು. ಟ್ರ್ಯಾಕ್ಟರ್ ಬಂದ ಮೇಲೆ ಎತ್ತಿನ ಕೆಲಸ ಕಡಿಮೆಯಾಗಿದೆ. ಬರೀ ಒಣಹುಲ್ಲು ತಿಂದ ಹಸು ಕಡಿಮೆ ಹಾಲು ಕೊಟ್ಟು, ಕಿಲೋ ಲೆಕ್ಕದಲ್ಲಿ ಹೆಚ್ಚು ಮೀಥೇನ್ ಬಿಡುವುದು ನಿಜ. ಅಂಕಿ ಸುಳ್ಳಲ್ಲ, ಅರೆಬರೆ. ಮಾರ್ಗಸೂಚಿ ಬರೆದವರು ಇದನ್ನು ಮುಚ್ಚಿಟ್ಟಿಲ್ಲ. ಈ ಅಂಕಿಗಳು ಶೇ. 30ರಷ್ಟು, ಕೆಲವೊಮ್ಮೆ ಶೇ. 50ರಷ್ಟು ಆಚೀಚೆ ಇರಬಹುದೆಂದು ಅವರೇ ಬರೆದಿದ್ದಾರೆ. 2019ರ ಪರಿಷ್ಕರಣೆಯಲ್ಲಿ ಹೆಚ್ಚು ಇಳುವರಿಯ ಮತ್ತು ಕಡಿಮೆ ಇಳುವರಿಯ ಪದ್ಧತಿಗಳನ್ನು ಬೇರೆ ಮಾಡಿದ್ದಾರೆ. ಕೋಷ್ಟಕದಿಂದ ಚಾರ್ಟಿಗೆ ಬರುವ ದಾರಿಯಲ್ಲಿ ಆ ಎಚ್ಚರಿಕೆ ಉದುರಿಹೋಯಿತು. ಅಂದಹಾಗೆ, ಇಂದಿನ ವಿಕ್ಟೋರಿಯದ ಹಸು 2200 ಕಿಲೋದ ಎರಡು ಪಟ್ಟಿಗೂ ಹೆಚ್ಚು ಹಾಲು ಕೊಡುತ್ತದೆ. ಹಳೆಯ ಕೋಷ್ಟಕ ಅದಕ್ಕೂ ನ್ಯಾಯ ಮಾಡಿಲ್ಲ.

ಅಂದಾಜು ಬೇರೆ, ಅಳತೆ ಬೇರೆ

ರಕ್ತದ ಕ್ರಿಯಾಟಿನಿನ್ ನೋಡಿ ಮೂತ್ರಪಿಂಡದ ಕೆಲಸವನ್ನು ಅಂದಾಜು ಮಾಡುತ್ತೇವೆ. ಆ ಅಂಕಿ ಒಂದು ಸೂತ್ರದಿಂದ ಹುಟ್ಟಿದ್ದು. ಸೂತ್ರ ಯಾವ ಜನರ ಮೇಲೆ ತಯಾರಾಯಿತೋ ಅವರಿಗೆ ಚೆನ್ನಾಗಿ ಹೊಂದುತ್ತದೆ, ಬೇರೆಯವರಿಗೆ ಕೆಲವೊಮ್ಮೆ ಕೈಕೊಡುತ್ತದೆ. ದೇಹತೂಕದ ಸೂಚ್ಯಂಕ ಬಿಎಂಐ ಕೂಡ ಹಾಗೆಯೇ. 25ರ ಗೆರೆ ನಮ್ಮಂಥ ಏಷ್ಯಾದವರಿಗೆ ತಡವಾಗಿ ಎಚ್ಚರಿಸುತ್ತದೆ ಎಂದು ಕಂಡು, ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2004ರಲ್ಲಿ 23ರಿಂದಲೇ ಎಚ್ಚರ ವಹಿಸಲು ಸೂಚಿಸಿದರು.

ದನದ ಮೀಥೇನಿನ ಕಥೆಯೂ ಇದೇ. ಬ್ಲಾಕ್ಸ್‌ಟರ್ ಮತ್ತು ಕ್ಲಾಪರ್ಟನ್ ಎಂಬ ಇಬ್ಬರು ವಿಜ್ಞಾನಿಗಳು 1965ರಲ್ಲಿ ಸ್ಕಾಟ್ಲೆಂಡಿನಲ್ಲಿ ರೂಪಿಸಿದ ಸೂತ್ರವನ್ನು ಆಸ್ಟ್ರೇಲಿಯ ಬಹುಕಾಲ ತನ್ನ ದಕ್ಷಿಣದ ದನಗಳಿಗೆ ಬಳಸಿತು. ಉತ್ತರದ ಬಿಸಿಲುನಾಡಿನ ಬ್ರಾಹ್ಮನ್ ತಳಿಗಳಿಗೆ ರಾಕ್‌ಹ್ಯಾಂಪ್ಟನ್ನಿನಲ್ಲಿ 1999ರ ಸುಮಾರಿಗೆ ಸಿದ್ಧವಾದ ಇನ್ನೊಂದು ಸೂತ್ರವಿತ್ತು. ಮುಂದೆ ದನಗಳನ್ನು ಮುಚ್ಚಿದ ಕೋಣೆಗಳಲ್ಲಿಟ್ಟು, ಒಳಹೋದ ಹೊರಬಂದ ಗಾಳಿಯನ್ನು ಅಳೆದ ಅಂಕಿಗಳೆಲ್ಲ ಒಟ್ಟಾದಾಗ, ಹಳೆಯ ಲೆಕ್ಕ ಉತ್ತರದ ದನಗಳ ಮೇಲೆ ಹೆಚ್ಚಿನ ಹೊರೆ ಹೊರಿಸಿತ್ತೆಂದು ತಿಳಿಯಿತು. 2016ರಲ್ಲಿ ಪ್ರಕಟವಾದ ಹೊಸ ಸೂತ್ರ ಸರಳ: ಹುಲ್ಲು ತಿನ್ನುವ ದನ ತಿಂದ ಪ್ರತಿ ಕಿಲೋ ಒಣಮೇವಿಗೆ 20.7 ಗ್ರಾಂ ಮೀಥೇನ್. ಒಂದು ದನವೂ ಕಡಿಮೆಯಾಗದೆ ದೇಶದ ಲೆಕ್ಕ ಇಳಿಯಿತು.

ಇದಕ್ಕಿಂತ ದೊಡ್ಡ ಉದಾಹರಣೆ ನಮ್ಮ ಭತ್ತದ ಗದ್ದೆಯದು. ನೀರು ನಿಂತ ಗದ್ದೆಯ ಕೆಸರಿನಲ್ಲಿ ಗಾಳಿಯಾಡದೆ ಮೀಥೇನ್ ಹುಟ್ಟುತ್ತದೆ. 1990ರ ಹೊತ್ತಿಗೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ, ಭಾರತದ ಗದ್ದೆಗಳಿಂದ ವರ್ಷಕ್ಕೆ 378 ಲಕ್ಷ ಟನ್ ಮೀಥೇನ್ ಹೊರಬೀಳುತ್ತದೆಂದು ಅಂದಾಜಿಸಿತ್ತು. ಅದಕ್ಕೆ ಆಧಾರ ಪಾಶ್ಚಾತ್ಯ ದೇಶಗಳ ಗದ್ದೆಗಳಲ್ಲಿ ಮಾಡಿದ ಅಳತೆಗಳು. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಎ.ಪಿ. ಮಿತ್ರ ಅವರ ನೇತೃತ್ವದಲ್ಲಿ 1991ರಲ್ಲಿ ದೇಶದ ಹಲವು ಕಡೆ ಗದ್ದೆಗಳಿಗೇ ಇಳಿದು ಅಳೆದಾಗ ಬಂದದ್ದು ಸುಮಾರು 40 ಲಕ್ಷ ಟನ್. ಒಂಬತ್ತು ಪಟ್ಟು ವ್ಯತ್ಯಾಸ! ಅದೇ ವರ್ಷ ಅನಿಲ್ ಅಗರ್ವಾಲ್ ಮತ್ತು ಸುನೀತಾ ನಾರಾಯಣ್ ಇನ್ನೊಂದು ಪ್ರಶ್ನೆ ಎತ್ತಿದರು: ಹೊಟ್ಟೆಪಾಡಿನ ಗದ್ದೆಯ ಅನಿಲವನ್ನೂ ಸುಖಕ್ಕಾಗಿ ಓಡಿಸುವ ಕಾರಿನ ಹೊಗೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವೇ? ಜಾಗತಿಕ ಒಪ್ಪಂದಗಳ ಮಾತು ನಡೆಯುತ್ತಿದ್ದ ಕಾಲವದು. ಆ 378 ಲಕ್ಷವನ್ನು ಯಾರೂ ಪ್ರಶ್ನಿಸದೆ ಇದ್ದಿದ್ದರೆ, ನಮ್ಮ ರೈತ ಮಾಡದ ತಪ್ಪಿಗೆ ದಂಡ ಕಟ್ಟುವ ಹಾಗಾಗುತ್ತಿತ್ತು.

ಮೆಲ್ಬರ್ನ್ ವಿಶ್ವವಿದ್ಯಾಲಯ ರೈತರಿಗೆ ಉಚಿತವಾಗಿ ಕೊಡುವ ಲೆಕ್ಕದ ಹಾಳೆಗಳನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ದನಗಳ ಸಂಖ್ಯೆ, ತೂಕ, ಗೊಬ್ಬರ, ಡೀಸೆಲ್, ವಿದ್ಯುತ್ ತುಂಬಿದರೆ ಜಮೀನಿನ ಒಟ್ಟು ಅನಿಲ ಕೆಳಗೆ ಬರುತ್ತದೆ. ರೈತನಿಗೆ ತನ್ನ ಹೊರೆ ಎಲ್ಲಿದೆ ಎಂದು ತೋರಿಸಲು ಇದಕ್ಕಿಂತ ಸುಲಭ ಸಾಧನ ನಾನು ಕಂಡಿಲ್ಲ. ಆದರೆ ಅದು ಅಂದಾಜಿನ ಯಂತ್ರ. ಅಲ್ಲಿ ಬರುವ ಅಂಕಿ ಆ ಜಮೀನಿನ ದನದ ಬಾಯಿಯಿಂದ ಬಂದದ್ದಲ್ಲ. ಅದನ್ನು ಬ್ಯಾಂಕಿನವರು, ಮಾರುಕಟ್ಟೆಯವರು ಅಳತೆಯೆಂದು ಓದತೊಡಗಿದರೆ ತಪ್ಪು ಹಾಳೆಯದ್ದಲ್ಲ, ಓದುವವರದ್ದು.

ಮೀಥೇನನ್ನು ಇಂಗಾಲದ ನಾಣ್ಯಕ್ಕೆ ಬದಲಿಸುವಾಗ

ಬೇರೆ ಬೇರೆ ಅನಿಲಗಳನ್ನು ಕೂಡಿಸಲು ಎಲ್ಲವನ್ನೂ ಇಂಗಾಲದ ಡೈಆಕ್ಸೈಡಿಗೆ ಬದಲಿಸುತ್ತಾರೆ. ಈ ವಿನಿಮಯ ದರ ಸ್ಥಿರವಲ್ಲ. ನೂರು ವರ್ಷದ ಲೆಕ್ಕದಲ್ಲಿ ಒಂದು ಕಿಲೋ ಮೀಥೇನ್ 1995ರ ಐಪಿಸಿಸಿ ವರದಿಯಲ್ಲಿ 21 ಕಿಲೋಗೆ ಸಮ, 2007ರಲ್ಲಿ 25, ಮುಂದಿನ ವರದಿಯಲ್ಲಿ 28, 2021ರಲ್ಲಿ ದನ ಗದ್ದೆಗಳ ಮೀಥೇನಿಗೆ ಸುಮಾರು 27. ಇಪ್ಪತ್ತೇ ವರ್ಷದ ಲೆಕ್ಕ ಹಿಡಿದರೆ ಸುಮಾರು 80. ಮೀಥೇನ್ ಗಾಳಿಯಲ್ಲಿ ಹನ್ನೆರಡು ವರ್ಷದಷ್ಟೇ ಉಳಿಯುತ್ತದೆ. ಅಲ್ಪಾಯುಷಿ, ಆದರೆ ಉಗ್ರ. ಇಂಗಾಲದ ಡೈಆಕ್ಸೈಡ್ ಶತಮಾನಗಳ ಕಾಲ ಕೂಡುತ್ತಲೇ ಹೋಗುತ್ತದೆ. ಎರಡನ್ನೂ ಒಂದೇ ದರದಲ್ಲಿ ಬದಲಿಸುವುದು ಜ್ವರವನ್ನೂ ಸಕ್ಕರೆ ಕಾಯಿಲೆಯನ್ನೂ ಒಂದೇ ಅಂಕದಲ್ಲಿ ಹೇಳಿದ ಹಾಗೆ.

ಈ ದೋಷವನ್ನು ಸರಿಪಡಿಸಲು ಆಕ್ಸ್‌ಫರ್ಡಿನ ಮೈಲ್ಸ್ ಆ್ಯಲನ್ ಮತ್ತು ಸಂಗಡಿಗರು ಹೊಸ ಅಳತೆಗೋಲು ತಂದರು. ಅದು ಮೀಥೇನಿನ ಏರಿಳಿತವನ್ನು ನೋಡುತ್ತದೆ. ಇಡೀ ಜಗತ್ತಿನ ತಾಪವನ್ನು ಲೆಕ್ಕಹಾಕಲು ಅದು ಹೆಚ್ಚು ಸರಿ. ಆದರೆ ಒಂದು ದೇಶ ಅಥವಾ ಉದ್ಯಮ ಅದನ್ನು ತನಗೆ ತಾನೇ ಹಚ್ಚಿಕೊಂಡಾಗ ವಿಚಿತ್ರವಾಗುತ್ತದೆ. ದಿನಕ್ಕೆ ಬಾಟಲಿ ಖಾಲಿ ಮಾಡುತ್ತಿದ್ದವನು ಒಂದು ಪೆಗ್ ಬಿಟ್ಟರೆ "ಗುಣಮುಖ" ಎಂದೂ, ಹಬ್ಬಕ್ಕೊಮ್ಮೆ ಕುಡಿಯುವವನು ಎರಡು ಸಲ ಕುಡಿದರೆ "ಅಪಾಯ" ಎಂದೂ ಬರೆದಂತೆ. ದೊಡ್ಡ ಹಿಂಡನ್ನು ಸ್ವಲ್ಪ ಇಳಿಸಿದವರು ಭೂಮಿಯನ್ನು ತಂಪು ಮಾಡಿದವರಾಗುತ್ತಾರೆ. ಎರಡನೆಯ ಹಸು ಕಟ್ಟಿದ ಬಡವ ತಪ್ಪಿತಸ್ಥನಾಗುತ್ತಾನೆ. ಇಂಥ ಅಳತೆಗೋಲನ್ನು ಆಸ್ಟ್ರೇಲಿಯ ನ್ಯೂಜಿಲೆಂಡುಗಳ ಮಾಂಸೋದ್ಯಮದವರು ಬಯಸುವುದು ಸಹಜ. ಓದುವ ನಾವು ಎಚ್ಚರವಾಗಿರಬೇಕಾದದ್ದೂ ಅಷ್ಟೇ ಸಹಜ.

ಔಷಧ ಕೆಲಸ ಮಾಡುತ್ತದೆಯೇ?

ಇಳಿಸುವ ದಾರಿಗಳ ಬಗ್ಗೆಯೂ ಇದೇ ವಿವೇಕ ಬೇಕು. ಆಸ್ಟ್ರೇಲಿಯದ ಕರಾವಳಿಯಲ್ಲಿ ಬೆಳೆಯುವ ಆ್ಯಸ್ಪರಗೊಪ್ಸಿಸ್ ಎಂಬ ಕೆಂಪು ಕಡಲಪಾಚಿಯನ್ನು ಮೇವಿನಲ್ಲಿ ಚಿಟಿಕೆಯಷ್ಟು ಬೆರೆಸಿದರೆ ಮೀಥೇನ್ ಶೇ. 98ರವರೆಗೆ ಇಳಿಯುತ್ತದೆಂದು 2020ರ ಪ್ರಯೋಗವೊಂದು ತೋರಿಸಿತು. ಪತ್ರಿಕೆಗಳು ಹಬ್ಬ ಮಾಡಿದವು. 2023ರಲ್ಲಿ ವಾಗ್ಯು ದನಗಳ ಮೇಲೆ ಹೆಚ್ಚು ಕಾಲ ನಡೆದ ಪರೀಕ್ಷೆಯ ಫಲ ಹೊರಬಂದಾಗ ಇಳಿಕೆ ಶೇ. 28. ಹೊಸ ಔಷಧಗಳ ಚರಿತ್ರೆ ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಆಯ್ದ ಕೆಲವರ ಮೇಲೆ ಪವಾಡ ಮಾಡಿದ್ದು ವಾರ್ಡಿಗೆ ಬಂದಾಗ ಸಾಧಾರಣವಾಗುತ್ತದೆ. ಶೇ. 28 ಕೂಡ ಸಣ್ಣದಲ್ಲ. ಆದರೆ ಈ ಔಷಧವನ್ನು ದಿನವೂ ತಿನ್ನಿಸಬೇಕು, ಆಸ್ಟ್ರೇಲಿಯದ ಹೆಚ್ಚಿನ ದನಗಳಿರುವುದು ಬಯಲಿನಲ್ಲಿ. ಸಾವಿರಾರು ಎಕರೆಯಲ್ಲಿ ಚದುರಿದ ರೋಗಿಗಳಿಗೆ ದಿನವೂ ಮಾತ್ರೆ ನುಂಗಿಸುವವರು ಯಾರು?

ಕಡಿಮೆ ಸದ್ದಿನ ಕೆಲಸಗಳು ನನಗೆ ಹೆಚ್ಚು ಹಿಡಿಸಿದವು. ವಿಕ್ಟೋರಿಯದ ಎಲಿನ್‌ಬ್ಯಾಂಕ್ ಸಂಶೋಧನಾ ಕೇಂದ್ರದಲ್ಲಿ, ವೈನ್ ಮಾಡಿದ ಮೇಲೆ ಉಳಿಯುವ ದ್ರಾಕ್ಷಿಯ ಸಿಪ್ಪೆ ಬೀಜಗಳ ಹಿಂಡಿಯನ್ನು ಹಸುಗಳಿಗೆ ಹಾಕಿ ಸುಮಾರು ಶೇ. 20ರಷ್ಟು ಮೀಥೇನ್ ಇಳಿಸಿದರು. ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯವರು ಒಗರಿರುವ ಗಿಡಗಳಿಂದ 'ಹರಿತ್ ಧಾರಾ' ಎಂಬ ಪುಡಿ ತಯಾರಿಸಿ ಶೇ. 17ರಿಂದ 20 ಇಳಿಕೆ ತೋರಿಸಿದ್ದಾರೆ. ದ್ರಾಕ್ಷಿ ಸಿಪ್ಪೆಯಲ್ಲೂ ಇರುವುದು ಅದೇ ಒಗರು. ಮೆಲ್ಬರ್ನಿನ ಹತ್ತಿರದ ಹಸುವೂ ಬೆಂಗಳೂರಿನ ಹಸುವೂ ಒಂದೇ ಮದ್ದಿಗೆ ಓಗೊಟ್ಟಿವೆ.

ನಮ್ಮವರ ಬಗ್ಗೆಯೂ ಒಂದು ಮಾತು

ಇಷ್ಟು ಹೇಳಿ ನಿಲ್ಲಿಸಿದರೆ ನಾನು ತವರಿನ ವಕೀಲನಾದೇನೇ ಹೊರತು ವಿಮರ್ಶಕನಾಗಲಾರೆ. 1991ರಲ್ಲಿ ನಾವು ಅಂಕಿಯ ವಾದ ಗೆದ್ದೆವು. ಗೆದ್ದ ಮೇಲೆ, ನಮ್ಮ ಗದ್ದೆಯಿಂದ ಬರುವುದು ಅಷ್ಟೇನೂ ಇಲ್ಲ ಎಂದು ಸುಮ್ಮನೆ ಕೂತೆವು. 40 ಲಕ್ಷ ಟನ್ ಎಂದರೂ ಅದು ಸೊನ್ನೆಯಲ್ಲ.

ಗದ್ದೆಯಲ್ಲಿ ಸದಾ ನೀರು ನಿಲ್ಲಿಸುವ ಬದಲು ನಡುನಡುವೆ ಒಣಗಲು ಬಿಟ್ಟರೆ ಮೀಥೇನ್ ಅರ್ಧಕ್ಕೆ ಹತ್ತಿರ ಇಳಿಯುತ್ತದೆ. ಐಪಿಸಿಸಿಯ ಮಾರ್ಗಸೂಚಿಯಲ್ಲೇ ಹಲವು ಸಲ ಒಣಗಿಸಿದ ಗದ್ದೆಗೆ 0.52 ಎಂಬ ಗುಣಕವಿತ್ತು. 2019ರಲ್ಲಿ ಅದು 0.55 ಆಯಿತು. ಒಣಗಿದಾಗ ನೈಟ್ರಸ್ ಆಕ್ಸೈಡ್ ತುಸು ಹೆಚ್ಚುವುದುಂಟು, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮಂಡ್ಯದವರಿಗೆ ಇದು ಅಪರಿಚಿತವೇನಲ್ಲ. ಕನ್ನಂಬಾಡಿಯಲ್ಲಿ ನೀರು ಕಡಿಮೆಯಾದ ವರ್ಷ ವಿಶ್ವೇಶ್ವರಯ್ಯ ನಾಲೆಯಲ್ಲಿ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ, ನೀರು ಕೊಡುತ್ತಾರೆ. ಬರಗಾಲದಲ್ಲಿ ಗೊಣಗಿಕೊಂಡು ಮಾಡುವುದನ್ನು ನೀರಿರುವ ವರ್ಷದಲ್ಲೂ ಸರಿಯಾಗಿ, ಪೈರಿನ ಹದ ನೋಡಿ ಮಾಡಿದರೆ ಕಾವೇರಿಯ ನೀರೂ ಉಳಿಯುತ್ತದೆ. ಹಾಗೆ ಮಾಡಿದ ರೈತನಿಗೆ ಪ್ರತಿಫಲ ಸಿಗಬೇಕಾದರೆ ಮತ್ತೆ ಅದೇ ಪ್ರಶ್ನೆ: ಅವನ ಗದ್ದೆಯಲ್ಲಿ ಅಳೆದವರು ಯಾರು?

ಕೊನೆಯಲ್ಲಿ

ಸೂಪರ್ ಮಾರ್ಕೆಟ್ಟಿನ ಹಾಲಿನ ಡಬ್ಬದ ಮೇಲಾಗಲಿ, ಮಕ್ಕಳ ಶಾಲೆಯ ಪಾಠದಲ್ಲಾಗಲಿ ಇಂಥ ಅಂಕಿ ಎದುರಾದಾಗ ನಮ್ಮ ಮನೆಯ ಹುಡುಗರು ನಾಲ್ಕು ಪ್ರಶ್ನೆ ಕೇಳುವಂತಾಗಲಿ. ಇದು ಅಳೆದದ್ದೋ, ಅಂದಾಜೋ? ಯಾವುದರಿಂದ ಭಾಗಿಸಿದ್ದು? ಎಷ್ಟು ವರ್ಷದ ಲೆಕ್ಕ? ಎಷ್ಟು ಆಚೀಚೆ ಇರಬಹುದು? ರಕ್ತಪರೀಕ್ಷೆಯ ಚೀಟಿಯನ್ನು ಹಿಡಿದು ನನ್ನ ಬಳಿ ಬಂದವರಿಗೆ ಹೇಳುತ್ತಿದ್ದುದೂ ಹೆಚ್ಚುಕಡಿಮೆ ಇದನ್ನೇ.

ಮೊಮ್ಮಗಳಿಗೆ ಎರಡು ದಿನ ಬಿಟ್ಟು ಉತ್ತರ ಕೊಟ್ಟೆ: "ನಿನ್ನ ಲೆಕ್ಕ ಸರಿ. ಆದರೆ ಅದು ಪೂರ್ತಿ ಲೆಕ್ಕ ಅಲ್ಲ." ಅವಳು ಚಾರ್ಟಿನಲ್ಲಿ ಹಳೆಯ ಕಂಬಗಳನ್ನು ಹಾಗೆಯೇ ಉಳಿಸಿಕೊಂಡು, ಪಕ್ಕದಲ್ಲಿ ಒಂದೊಂದು ಹಸುವಿನ ಲೆಕ್ಕಕ್ಕೆ ಇನ್ನೂ ಮೂರು ಕಂಬ ಬರೆದಳು. ಕೆಳಗೆ ಪೆನ್ಸಿಲಿನಲ್ಲಿ "ಶೇ. 30ರಿಂದ 50 ಹೆಚ್ಚುಕಡಿಮೆ ಇರಬಹುದು" ಎಂದು ಸೇರಿಸಿದಳು. ಆಮೇಲೆ, "ತಾತ, ಎತ್ತು ಉತ್ತಿದ್ದನ್ನ ಯಾವ ಕಂಬದಲ್ಲಿ ಹಾಕಲಿ?" ಎಂದಳು. ಅದಕ್ಕೆ ಇನ್ನೂ ಸರಿಯಾದ ಉತ್ತರ ಹುಡುಕುತ್ತಿದ್ದೇನೆ.