ಸೊನ್ನಲಿಗೆಯ ಕೆರೆ ಮತ್ತು ಫಲತ್ಯಾಗ: ಸಿದ್ಧರಾಮ ಪ್ರಸಂಗದ ಒಂದು ಓದು

ನಾನು ಇವತ್ತು ಎತ್ತಿಕೊಂಡಿರೋದು ಒಂದೇ ಪ್ರಸಂಗ. ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭು ಸೊನ್ನಲಿಗೆಗೆ, ಅಂದರೆ ನಮ್ಮ ಸೊಲ್ಲಾಪುರಕ್ಕೆ, ಬರುವ ಭಾಗ. ಸಿದ್ಧರಾಮ ಜನರನ್ನು ಕೂಡಿಸಿ ಕೆರೆ, ಗುಡಿ ಕಟ್ಟಿಸುತ್ತಿದ್ದಾನೆ. ಅಲ್ಲಮ ಬಂದವನೇ ಅವನನ್ನು ‘ಒಡ್ಡರಾಮ’ ಎಂದು ಕರೆಯುತ್ತಾನೆ. ಕೆಲಸದವರು ರೊಚ್ಚಿಗೇಳುತ್ತಾರೆ. ಕೊನೆಗೆ ಸಿದ್ಧರಾಮ ಅಲ್ಲಮನೊಂದಿಗೆ ಕಲ್ಯಾಣಕ್ಕೆ ಹೋಗುತ್ತಾನೆ.

ಇದನ್ನು ನಿಷ್ಕಾಮ ಕರ್ಮದ ಪಾಠ ಅಂತ ಸುಲಭವಾಗಿ ಓದಿಬಿಡಬಹುದು: ಸಿದ್ಧರಾಮನಿಗೆ ಕೆರೆಯ ಮೋಹ ಇತ್ತು, ಅಲ್ಲಮ ಬಿಡಿಸಿದ. ಈ ಓದಿಗೆ ನನ್ನ ತಕರಾರಿದೆ. ಹಾಗಂದ್ರೆ ಕೆರೆ ಕಟ್ಟೋದೇ ಬಂಧನ, ಬಿಟ್ಟು ಹೋಗೋದೇ ಬಿಡುಗಡೆ ಅಂತಾಗುತ್ತೆ. ಗೀತೆ ಹಾಗೆ ಹೇಳೋದಿಲ್ಲ. 2ನೇ ಅಧ್ಯಾಯದ 47ನೇ ಶ್ಲೋಕ ಫಲದ ಮೇಲಿನ ಅಧಿಕಾರವನ್ನು ನಿರಾಕರಿಸುತ್ತದೆ. ಅದರ ಬೆನ್ನಿಗೇ, ಕರ್ಮ ಮಾಡದಿರುವುದಕ್ಕೂ ಅಂಟಿಕೊಳ್ಳಬೇಡ ಎನ್ನುತ್ತದೆ. 18ನೇ ಅಧ್ಯಾಯದ 25ನೇ ಶ್ಲೋಕ ಇನ್ನೂ ಖಚಿತ: ಮುಂದೇನಾಗುತ್ತದೆ, ಏನು ನಷ್ಟ, ಯಾರಿಗೆ ಹಿಂಸೆ ಎಂದು ನೋಡದೆ ಮೋಹದಿಂದ ತೊಡಗಿದ ಕರ್ಮ ತಾಮಸ. 26ನೆಯದರಲ್ಲಿ ಸಾತ್ತ್ವಿಕ ಕರ್ತೃವಿಗೆ ಸಂಗವಿಲ್ಲ, ಅಹಂಕಾರವಿಲ್ಲ. ಧೃತಿ ಮತ್ತು ಉತ್ಸಾಹ ಮಾತ್ರ ಇರಲೇಬೇಕು.

ಅಂದರೆ ಪರಿಣಾಮ ಬೇರೆ, ಫಲ ಬೇರೆ. ಏರಿ ಒಡೆಯಬಾರದು, ನೀರು ನಿಲ್ಲಬೇಕು ಅನ್ನೋದು ಪರಿಣಾಮದ ಕಾಳಜಿ. ನನ್ನ ಹೆಸರು ನಿಲ್ಲಬೇಕು, ಪುಣ್ಯ ನನಗೇ ಬರಬೇಕು ಅನ್ನೋದು ಫಲದಾಸೆ. ರಾಘವಾಂಕನ ಸಿದ್ಧರಾಮ ಚಾರಿತ್ರದಲ್ಲಿ ಇದೇ ಕೆಲಸ ಭಕ್ತಿಯ ಹಿರಿಮೆಯಾಗಿ ಬರುತ್ತದೆ. ಅಲ್ಲಮನ ಪ್ರಶ್ನೆ ಕೆರೆಯ ಬಗ್ಗೆ ಅಲ್ಲ, ಕಟ್ಟಿಸಿದವನು ತನ್ನನ್ನು ತಾನು ಅರಿತನೇ ಎಂಬುದರ ಬಗ್ಗೆ. ಈ ಪ್ರಶ್ನೆ ಕರ್ಮಯೋಗಕ್ಕಿಂತ ಜ್ಞಾನಮಾರ್ಗಕ್ಕೆ ಹತ್ತಿರ.

ಇನ್ನೊಂದು ಮಾತು. ‘ಒಡ್ಡ’ ಅನ್ನೋದು ಕಲ್ಲು-ಮಣ್ಣಿನ ಕೆಲಸದ ಸಮುದಾಯದ ಹೆಸರು. ಅದು ಇಲ್ಲಿ ಮೂದಲಿಕೆಯಾಗಿದೆ. ಆದರೆ ಕೆರೆಗೆ ಮಣ್ಣು ಹೊತ್ತವರ ಹೆಸರು ಉಳಿದಿಲ್ಲ. ‘ಫಲ ಬಿಡು’ ಎಂದು ಒಬ್ಬ ತನಗೆ ತಾನು ಹೇಳಿಕೊಂಡರೆ ಅದು ಸಾಧನೆ. ಅದನ್ನೇ ಕೂಲಿಯವನಿಗೆ ಹೇಳಿದರೆ ಕೂಲಿ ತಪ್ಪಿಸಿದ ಹಾಗೆ. ಗಡಿಯಲ್ಲಿ ಗೌರವಧನವಿಲ್ಲದೆ ಕನ್ನಡ ಕಲಿಸುವವರಿಗೆ ‘ಇದು ಸೇವೆ’ ಅನ್ನುವಾಗಲೂ ಈ ಭೇದ ನೆನಪಿರಬೇಕು, ಅಲ್ವಾ?

ಸೊಲ್ಲಾಪುರದ ಆ ಕೆರೆ, ನಡುವಿನ ಸಿದ್ಧೇಶ್ವರ ಗುಡಿ ಇವತ್ತಿಗೂ ಇವೆ. ಸಂಕ್ರಾಂತಿಯ ಜಾತ್ರೆಗೆ ಕನ್ನಡದವರು, ಮರಾಠಿಯವರು, ತೆಲುಗಿನವರು ಸೇರುತ್ತಾರೆ. ಕಟ್ಟಿಸಿದವನು ಬಿಟ್ಟು ಹೋದರೂ ಊರು ಅದನ್ನು ಬಿಡಲಿಲ್ಲ. ಆದ್ದರಿಂದ ಅಲ್ಲಮನ ಪ್ರಶ್ನೆಯನ್ನೂ ರಾಘವಾಂಕನ ಮೆಚ್ಚುಗೆಯನ್ನೂ ನಾವು ಜೊತೆಗಿಟ್ಟೇ ಓದಬೇಕು ಅನ್ನೋದು ನನ್ನ ವಾದ. ಆಕ್ಷೇಪಗಳಿದ್ದರೆ ದಯವಿಟ್ಟು ಹೇಳಿ.