ಒಗಟು ಬಿಡಿಸಿದ ಮೇಲೆ ಉಳಿಯುವುದೇನು?

ಅಂಕೋಲೆಯ ನಮ್ಮ ಮನೆಯಲ್ಲಿ ಪತ್ರಿಕೆಯ ಪದಬಂಧ ಅಮ್ಮನಿಗೆ ಮೀಸಲು. ಬೆಳಗಿನ ತಿಂಡಿ ಮುಗಿಯುವಷ್ಟರಲ್ಲಿ ಅರ್ಧ ಚೌಕ ತುಂಬಿರುತ್ತದೆ. ಕನ್ನಡ ಪದಬಂಧದ ಸುಳಿವುಗಳು ಬಹುಮಟ್ಟಿಗೆ ನಿಘಂಟಿನ ಸುಳಿವುಗಳು. ಸೂರ್ಯ, ಎರಡಕ್ಷರ ಎಂದರೆ ರವಿ. ಕಾರವಾರದಲ್ಲಿ ಓದುವಾಗ ಇಂಗ್ಲಿಷ್ ಪತ್ರಿಕೆಗಳ ಗೂಢ ಪದಬಂಧದ ಹುಚ್ಚು ಹತ್ತಿಸಿಕೊಂಡಿದ್ದ ನನಗೆ ಇದು ಸಪ್ಪೆ ಅನಿಸುತ್ತಿತ್ತು. ಹಾಗಾಗಿ ಕಳೆದ ಮಳೆಗಾಲದಲ್ಲಿ ರಜೆಗೆ ಬಂದಾಗ ಅಮ್ಮನಿಗಾಗಿ ನಾನೇ ಒಂದು ಸುಳಿವು ಕಟ್ಟಿದೆ:

ಮದುಮಗ ಹಿಂದಿರುಗಿದಾಗ ಸದ್ದು (2)

ನನ್ನ ಉತ್ತರ ‘ರವ’. ಮದುಮಗ ಅಂದರೆ ವರ. ಅವನು ಹಿಂದಿರುಗಿದರೆ, ಅಂದರೆ ಅಕ್ಷರಗಳು ತಿರುಗಿದರೆ, ರವ. ರವ ಎಂದರೆ ಸದ್ದು. ಅಮ್ಮ ಸ್ವಲ್ಪ ಹೊತ್ತು ಯೋಚಿಸಿ ‘ವರ’ ಎಂದು ಬರೆದಳು. ತಪ್ಪು ಅಂದೆ. “ಸದ್ದನ್ನ ತಿರುಗಿಸಿದ್ರೂ ವರನೇ ಬರ್ತದಲ್ಲ, ಮತ್ತೆ ಹೇಗೆ ತಪ್ಪು?” ಎಂದಳು. ನನ್ನ ಹತ್ತಿರ ಉತ್ತರವಿರಲಿಲ್ಲ. ‘ಹಿಂದಿರುಗಿದಾಗ’ ಎಂಬ ಪದವನ್ನು ನಾನು ನಡುವೆ ಇಟ್ಟಿದ್ದೆ. ಅದು ಎಡಕ್ಕೂ ಸಲ್ಲುತ್ತದೆ, ಬಲಕ್ಕೂ ಸಲ್ಲುತ್ತದೆ.

ಈ ಸಣ್ಣ ಸೋಲು ನನ್ನನ್ನು ಕಾಡಿದ್ದಕ್ಕೆ ಕಾರಣವಿದೆ. ನನ್ನ ಪಿಎಚ್.ಡಿ. ಬೆಡಗಿನ ವಚನಗಳ ಮೇಲೆ. ‘ಇದರ ಅರ್ಥ ಇದು’ ಎಂದು ಹೇಳುವುದೇ ಅಲ್ಲಿ ನನ್ನ ಕೆಲಸ.

ಗೂಢ ಸುಳಿವಿನ ನಿಯಮ ಸರಳವಾಗಿದೆ. ಸುಳಿವಿನ ಒಂದು ತುದಿಯಲ್ಲಿ ಉತ್ತರದ ನೇರ ಅರ್ಥವಿರುತ್ತದೆ. ಉಳಿದ ಭಾಗದಲ್ಲಿ ಆ ಪದವನ್ನು ಅಕ್ಷರಗಳಿಂದ ಕಟ್ಟುವ ಬಗೆಯಿರುತ್ತದೆ. ಎರಡೂ ದಾರಿಗಳು ಒಂದೇ ಮನೆಗೆ ತಲುಪಬೇಕು, ನಡುವೆ ಒಂದು ಪದವೂ ಬಿಟ್ಟಿ ಇರಬಾರದು. 1913ರ ಡಿಸೆಂಬರ್ 21ರಂದು ಆರ್ಥರ್ ವಿನ್ ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಯಲ್ಲಿ ಮೊದಲ ಪದಬಂಧ ಪ್ರಕಟಿಸಿದಾಗ ಅದರಲ್ಲಿ ಈ ಗೂಢತೆ ಇರಲಿಲ್ಲ. ಅದನ್ನು ಬೆಳೆಸಿದ್ದು ಬ್ರಿಟನ್. ‘ಟಾರ್ಕಿಮಾಡ’ ಎಂಬ ಹೆಸರಿನಲ್ಲಿ ಎಡ್ವರ್ಡ್ ಪೊವಿಸ್ ಮ್ಯಾಥರ್ಸ್ ಪೂರ್ತಿ ಗೂಢ ಸುಳಿವುಗಳನ್ನೇ ಕಟ್ಟಿದರು. ಅವರ ನಂತರ ಬಂದ ಡಿ.ಎಸ್. ಮ್ಯಾಕ್‌ನಟ್ ‘ಝಿಮನೀಸ್’ ಎಂಬ ಹೆಸರಿನಲ್ಲಿ ಬರೆಯುತ್ತ, 1966ರ ತಮ್ಮ ಪುಸ್ತಕದಲ್ಲಿ ನ್ಯಾಯದ ನಿಯಮಗಳನ್ನು ವಿವರಿಸಿದರು. ಓದುಗನ ದಾರಿ ತಪ್ಪಿಸಬಹುದು, ಮೋಸ ಮಾಡಬಾರದು ಎನ್ನುವುದು ಅವುಗಳ ಸಾರ.

ನಮ್ಮಲ್ಲಿಯೂ ಈ ಆಟಕ್ಕೆ ಹೆಸರುಗಳಿವೆ. ದಂಡಿ ‘ಕಾವ್ಯಾದರ್ಶ’ದ ಮೂರನೆಯ ಪರಿಚ್ಛೇದದಲ್ಲಿ 16 ಬಗೆಯ ಪ್ರಹೇಳಿಕೆಗಳನ್ನು ಹೇಳುತ್ತಾನೆ. ಅವುಗಳ ಉಪಯೋಗವನ್ನೂ ಹೇಳುತ್ತಾನೆ: ಬಲ್ಲವರ ಗೋಷ್ಠಿಯಲ್ಲಿ ವಿನೋದ, ಜನರ ನಡುವೆ ಗುಟ್ಟಿನ ಮಾತು, ಇನ್ನೊಬ್ಬರನ್ನು ಗೊಂದಲಕ್ಕೆ ಕೆಡಹುವುದು. ಪದವನ್ನು ಬೇರೆ ಕಡೆ ಒಡೆದು ಬೇರೆ ಅರ್ಥ ಹೊರಡಿಸುವ ಸಭಂಗ ಶ್ಲೇಷವಂತೂ ಗೂಢ ಸುಳಿವಿನ ಹತ್ತಿರದ ನೆಂಟ. ಆದರೆ ಕನ್ನಡದಲ್ಲಿ ಆಟದ ಕಾಯಿ ಬೇರೆ. ‘ವಿಕಟಕವಿ’ ಹಿಂದುಮುಂದಾಗಿ ಓದಿದರೂ ಅದೇ ಆಗುವುದು ಅಕ್ಷರಗಳನ್ನು ಎಣಿಸಿದಾಗ ಮಾತ್ರ. ವ್ಯಂಜನ, ಸ್ವರಗಳನ್ನು ಬಿಡಿಸಿ ತಿರುಗಿಸಿದರೆ ಆಗುವುದಿಲ್ಲ. ಇನ್ನೊಂದು ತೊಡಕು, ಸೊಗಸು ಎರಡೂ ಆದದ್ದು ಸಂಧಿ. ನಮ್ಮ ಊರಿಗೆ ನಾನು ಕಟ್ಟಿದ ಸುಳಿವು ಇದು:

ಪರೀಕ್ಷೆಯಲ್ಲಿ ಸಿಕ್ಕಿದ್ದು ಬಾಡಿಗೆ ಕಾರಿಗೆ ಸೇರಿ ಕಾರವಾರದ ದಕ್ಷಿಣದ ಊರು (3)

ಪರೀಕ್ಷೆಯಲ್ಲಿ ಸಿಕ್ಕಿದ್ದು ಅಂಕ, ಬಾಡಿಗೆ ಕಾರು ಓಲಾ, ಸೇರಿದರೆ ಅಂಕೋಲಾ. ಇಂಗ್ಲಿಷಿನಲ್ಲಿ ತುಂಡುಗಳನ್ನು ಪಕ್ಕಪಕ್ಕ ಇಟ್ಟರೆ ಮುಗಿಯಿತು. ಇಲ್ಲಿ ‘ಅಂಕ’ದ ಕೊನೆಯ ಸ್ವರ ಲೋಪವಾಗಬೇಕು. ಸಂಸ್ಕೃತದ ವೃದ್ಧಿಸಂಧಿಗೆ ಒಪ್ಪಿಸಿದ್ದರೆ ಊರು ‘ಅಂಕೌಲಾ’ ಆಗಿಬಿಡುತ್ತಿತ್ತು. ಕನ್ನಡದ ಲೋಪಸಂಧಿ ಅದನ್ನು ಉಳಿಸಿತು. ಈ ಸುಳಿವನ್ನು ಅಮ್ಮ ಬಿಡಿಸಲಿಲ್ಲ. ಉತ್ತರ ಹೇಳಿದಾಗ “ಅದು ಬೆಂಗಳೂರಿನವರ ಮಾತು” ಎಂದಳು. ಕಾರವಾರದ ಕೊಂಕಣಿ ಮನೆಮಾತಿನ ಗೆಳತಿಗೆ ‘ಕಾರವಾರದವರ ಕಿವಿ, ಶಿರಸಿಯವರ ಕಾಡು’ ಎಂದು ಕೇಳಿದರೆ ‘ಕಾನ’ ಎಂದು ತಕ್ಷಣ ಹೊಳೆಯಿತು. ಮೈಸೂರಿನ ಗೆಳೆಯನಿಗೆ ಎರಡೂ ಗೊತ್ತಿರಲಿಲ್ಲ. ನ್ಯಾಯದ ಸುಳಿವು ಅಂದರೆ ಯಾರಿಗೆ ನ್ಯಾಯ? ಕಟ್ಟುವವನೂ ಬಿಡಿಸುವವನೂ ಒಂದೇ ನುಡಿಯೊಳಗೆ ಬದುಕಿರಬೇಕು. ದಂಡಿ ಹೇಳುವ ‘ಬಲ್ಲವರ ಗೋಷ್ಠಿ’ಗೆ ಆ ಅರ್ಥವೂ ಇದೆ.

ಈಗ ಬೆಡಗಿಗೆ ಬರುತ್ತೇನೆ. ಚಿಕ್ಕದು ದೊಡ್ಡದನ್ನು ನುಂಗುವ, ಕಾಲಿಲ್ಲದ್ದು ನಡೆಯುವ, ನೀರು ಉರಿಯುವ ಲೋಕ ಅದು. 12ನೆಯ ಶತಮಾನದ ಈ ವಚನಗಳಿಗೆ ನಂತರದ ಶತಮಾನಗಳಲ್ಲಿ ಟೀಕೆಗಳು ಬಂದವು. ಇಂಥ ಪ್ರಾಣಿ ಎಂದರೆ ಮನಸ್ಸು, ಇಂಥ ಊರು ಎಂದರೆ ದೇಹ ಎಂಬಂತೆ ಅವು ಕೀಲಿ ಕೊಡುತ್ತವೆ. ಸಾಂಪ್ರದಾಯಿಕ ಸಂಕೇತಗಳು ಗೊತ್ತಿಲ್ಲದ ನಮ್ಮಂಥವರಿಗೆ ಆ ಕೀಲಿಗಳು ದೊಡ್ಡ ಉಪಕಾರ. ತೊಂದರೆ ಕೀಲಿಯದಲ್ಲ, ನನ್ನದು. ಅಮ್ಮನ ಪ್ರಶ್ನೆಯ ನಂತರ ನನ್ನ ಎರಡನೆಯ ಅಧ್ಯಾಯವನ್ನು ತೆಗೆದು, ಸುಳಿವಿನ ವಿವರಣೆಯನ್ನು ಪರೀಕ್ಷಿಸುವ ಹಾಗೆ ಒಂದೊಂದೇ ಪದ ಹಿಡಿದು ಪರೀಕ್ಷಿಸಿದೆ. ನಾಮಪದಗಳಿಗೆಲ್ಲ ಸಂಕೇತ ಹಚ್ಚಿದ್ದೆ. ಕ್ರಿಯಾಪದಗಳನ್ನು ಮುಟ್ಟಿರಲೇ ಇಲ್ಲ. ನುಂಗಿತು ಎಂದರೆ ಏನು? ಹುಟ್ಟುವ ಮೊದಲೇ ಸತ್ತಿತು ಎನ್ನುವಲ್ಲಿ ‘ಮೊದಲೇ’ ಎಂಬ ಪದಕ್ಕೆ ನನ್ನ ವಿವರಣೆಯಲ್ಲಿ ಜಾಗವೇ ಇರಲಿಲ್ಲ.

ಗೂಢ ಸುಳಿವಿನಲ್ಲಿ ಇಂಥ ವಿವರಣೆಯನ್ನು ಯಾರೂ ಒಪ್ಪುವುದಿಲ್ಲ. ಅಲ್ಲಿ ಕ್ರಿಯಾಪದವೇ ಯಜಮಾನ. ‘ಹಿಂದಿರುಗಿದಾಗ’ ಎಂಬುದನ್ನು ಬಿಟ್ಟರೆ ವರನಿಗೂ ರವಕ್ಕೂ ಸಂಬಂಧವೇ ಇಲ್ಲ. ಬೆಡಗಿನಲ್ಲೂ ಹಾಗೆಯೇ. ಮನಸ್ಸು, ದೇಹ, ಮಾಯೆ ಎಂಬ ಪಟ್ಟಿಯನ್ನು ಯಾವ ತತ್ತ್ವದ ಪುಸ್ತಕದಲ್ಲಾದರೂ ಓದಬಹುದು. ಅವುಗಳ ನಡುವೆ ಏನು ನಡೆಯುತ್ತದೆ ಎನ್ನುವುದು ಕ್ರಿಯಾಪದದಲ್ಲಿದೆ, ಕವಿಯೂ ಅಲ್ಲೇ ಇದ್ದಾನೆ. ಪದಬಂಧದಿಂದ ವಿಮರ್ಶೆ ಕಲಿಯಬಹುದಾದ ಶಿಸ್ತು ಇದು: ಒಂದು ಪದಕ್ಕೂ ಲೆಕ್ಕ ತಪ್ಪಬಾರದು.

ಆದರೆ ಶಿಸ್ತು ಒಂದೇ ಆದರೂ ಫಲ ಬೇರೆ. ಉತ್ತರ ಸಿಕ್ಕಿದ ಕ್ಷಣ ಸುಳಿವು ಸಾಯುತ್ತದೆ. ಮರುದಿನ ಆ ಪತ್ರಿಕೆಯಲ್ಲಿ ಒಣಮೀನು ಕಟ್ಟಬಹುದು. ಜನಪದ ಒಗಟು ಇನ್ನೂ ಸ್ವಲ್ಪ ಬದುಕುತ್ತದೆ. ಉತ್ತರ ಗೊತ್ತಿರುವ ಮಕ್ಕಳೇ ಅದನ್ನು ಮತ್ತೆ ಮತ್ತೆ ಕೇಳಿಸಿಕೊಳ್ಳುತ್ತಾರೆ. ಯಾಕೆಂದರೆ ಅದು ಆಡುವುದು ಪದದ ಜೊತೆಗಲ್ಲ, ವಸ್ತುವಿನ ಜೊತೆಗೆ. ಅದನ್ನು ಕೇಳಿದ ಮೇಲೆ ಹಿತ್ತಲಿನ ಮಲ್ಲಿಗೆ ಮೊದಲಿನಂತೆ ಕಾಣುವುದಿಲ್ಲ. ಬೆಡಗಿನ ವಚನವಂತೂ ಎಲ್ಲ ಪದಗಳ ಲೆಕ್ಕ ಚುಕ್ತಾ ಆದಮೇಲೂ ನಿಂತೇ ಇರುತ್ತದೆ. ನೀರು ಉರಿಯಿತು ಎಂಬುದರ ಅರ್ಥ ಗೊತ್ತಾದ ಮೇಲೂ ನೀರು ಉರಿಯುತ್ತಲೇ ಇರುತ್ತದೆ. ಬಿಡಿಸಿದ ಮೇಲೂ ಉಳಿಯುವ ಆ ಶೇಷವೇ ಕಾವ್ಯ ಎಂದು ಈಗ ನನಗನಿಸುತ್ತದೆ. ಪೂರ್ತಿ ಬಿಡಿಸಲು ಪ್ರಯತ್ನಿಸದವನಿಗೆ ಎಷ್ಟು ಉಳಿಯಿತು ಎನ್ನುವುದೂ ತಿಳಿಯುವುದಿಲ್ಲ. ‘ಕಾವ್ಯವನ್ನು ವಿವರಿಸಬಾರದು’ ಎನ್ನುವವರ ಜೊತೆ ಅದಕ್ಕೇ ನನ್ನ ಜಗಳ.

ಆ ಅಧ್ಯಾಯವನ್ನು ಹೊಸದಾಗಿ ಬರೆಯುತ್ತಿದ್ದೇನೆ. ಒಂದು ವರ್ಷದ ಕೆಲಸ ಹಿಂದೆ ಹೋಯಿತು. ಸುಳಿವನ್ನೂ ತಿದ್ದಿದೆ: ‘ಹಿಂದಿರುಗಿದ ಮದುಮಗನ ಸದ್ದು’. ಈಗ ತಿರುಗುವವನು ಮದುಮಗನೊಬ್ಬನೇ, ಉತ್ತರವೂ ಒಂದೇ. ಅಮ್ಮ ನೋಡಿದವಳೇ ‘ರವ’ ಎಂದು ಬರೆದು, ಪತ್ರಿಕೆ ಮಡಚುತ್ತ ಹೇಳಿದಳು: “ಮೊದಲಿನದೇ ಚೆನ್ನಾಗಿತ್ತು.”